ಸಾನಿಕ್ ಪೈನಲ್ಲಿ ಬರೆದ ಹಾಡನ್ನು ಹಕ್ಕಿನ ತಕರಾರಿಲ್ಲದೆ ಹಂಚುವುದು

ಸಾನಿಕ್ ಪೈ ಹಾಡನ್ನು ಪ್ರೋಗ್ರಾಂ ಆಗಿ ಬರೆಯುವ ಉಚಿತ ತಂತ್ರಾಂಶ. ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಸ್ಯಾಮ್ ಆರನ್ ಇದನ್ನು 2012ರಲ್ಲಿ ಶಾಲೆಯ ಮಕ್ಕಳಿಗಾಗಿ ಹೊರತಂದರು. ಬರೆಯುವ ಭಾಷೆ ರೂಬಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ಒಂದು ರೂಪ, ಸದ್ದು ಹೊರಡಿಸುವುದು ಒಳಗಿರುವ ಸೂಪರ್‌ಕೊಲೈಡರ್. ವಿಂಡೋಸ್, ಮ್ಯಾಕ್, ಲಿನಕ್ಸ್, ರಾಸ್ಪ್‌ಬೆರಿ ಪೈ ಎಲ್ಲದರಲ್ಲೂ ನಡೆಯುತ್ತದೆ.

ಇದರಲ್ಲಿ ಬರೆದ ಹಾಡಿನ ಎಂಪಿ3 ಹಂಚಿದರೆ ಕೇಳುವವರಿಗೆ ಕೇಳಲು ಮಾತ್ರ ಸಿಗುತ್ತದೆ. ಕೋಡ್ (ಬರೆದ ಆದೇಶಗಳ ಸಾಲು) ಹಂಚಿದರೆ ಸಾ (ಆಧಾರ ಷಡ್ಜ) ಬದಲಿಸಬಹುದು, ಠೇಕಾ (ತಾಳದ ತಬಲಾ ಬೋಲು) ಬದಲಿಸಬಹುದು, ಒಂದು ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಎಷ್ಟು ಹೊತ್ತು ಜಾರುತ್ತದೆ ಎಂದು ಬಿಚ್ಚಿ ನೋಡಬಹುದು. ಮೂರು ನಿಮಿಷದ ಹಾಡಿನ ಕೋಡ್ ಕೆಲವೇ ಕೆಬಿ, ಯಾವ ನೆಟ್‌ವರ್ಕ್‌ನಲ್ಲೂ ಕ್ಷಣದಲ್ಲಿ ಹೋಗುತ್ತದೆ. ಆದರೆ ಸುಮ್ಮನೆ ಕಳಿಸಿಬಿಟ್ಟರೆ ಅದು ಮುಕ್ತವಾಗುವುದಿಲ್ಲ. ನಮ್ಮ ಕಾನೂನಿನಲ್ಲಿ ಕೃತಿ ಬರೆದ ಕ್ಷಣದಲ್ಲೇ, ನೋಂದಣಿ ಇಲ್ಲದೆಯೂ, ಹಕ್ಕು ಬರೆದವರಿಗೆ ಅಂಟಿಕೊಳ್ಳುತ್ತದೆ. ಗದುಗಿನ ಹುಡುಗಿಯೊಬ್ಬಳು ನಿಮ್ಮ ಹಾಡನ್ನು ಶಾಲೆಯ ಗ್ಯಾದರಿಂಗ್‌ನಲ್ಲಿ ಬದಲಿಸಿ ನುಡಿಸಬೇಕೆಂದರೆ ನಿಮ್ಮನ್ನು ಹುಡುಕಿ ಕೇಳಬೇಕಾಗುತ್ತದೆ. ಯಾರನ್ನೂ ಕೇಳದೆ ಆಕೆ ನುಡಿಸುವಂತಾಗಲು ಎರಡು ಕೆಲಸ ಆಗಬೇಕು: ಹಾಡಿನ ಒಳಗಿನ ಪ್ರತಿಯೊಂದು ಭಾಗದ ಹಕ್ಕೂ ಚೊಕ್ಕವಾಗಿರಬೇಕು, ಮತ್ತು ಫೈಲ್ ಆಕೆಯ ಯಂತ್ರದಲ್ಲೂ ನಿಮ್ಮಲ್ಲಿ ನುಡಿದ ಹಾಗೆಯೇ ನುಡಿಯಬೇಕು.

ಒಂದು ಸೂಚನೆ: ಇಲ್ಲಿ ಆದೇಶಗಳನ್ನು ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಿ. ಅಡಿಗೆರೆ, ಕೋಲನ್, ಚುಕ್ಕೆ ಎಲ್ಲಿ ಕಾಣುತ್ತವೆಯೋ ಅಲ್ಲೇ ಇರಲಿ.

ಹಾಡು ಒಂದು, ಹಕ್ಕು ನಾಲ್ಕು

1957ರ ಕೃತಿಸ್ವಾಮ್ಯ ಕಾಯ್ದೆ ಸಾಹಿತ್ಯವನ್ನು ಒಂದು ಕೃತಿ ಎನ್ನುತ್ತದೆ, ಧಾಟಿಯನ್ನು ಇನ್ನೊಂದು ಎನ್ನುತ್ತದೆ. ಕಂಪ್ಯೂಟರ್ ಪ್ರೋಗ್ರಾಂ ಕೂಡ ಕಾಯ್ದೆಯ ಪ್ರಕಾರ ಸಾಹಿತ್ಯ ಕೃತಿಯೇ, ಹಾಗಾಗಿ ನಿಮ್ಮ ಕೋಡ್ ಮೂರನೆಯದು. ಅದನ್ನು ನುಡಿಸಿ ರೆಕಾರ್ಡ್ ಮಾಡಿದರೆ ಆ ಧ್ವನಿಮುದ್ರಿಕೆ ನಾಲ್ಕನೆಯದು. ಮೊದಲ ಮೂರಕ್ಕೆ ಬರೆದವರ ಜೀವಿತಾವಧಿ, ಅವರು ತೀರಿದ ಮರುವರ್ಷದ ಜನವರಿಯಿಂದ ಮತ್ತೆ 60 ವರ್ಷ. ಧ್ವನಿಮುದ್ರಿಕೆಗೆ ಪ್ರಕಟವಾದ ಮರುವರ್ಷದಿಂದ 60 ವರ್ಷ. ಕೋಡ್ ನಿಮ್ಮದು, ಮುದ್ರಿಕೆ ನಿಮ್ಮದು. ತೊಡಕು ಬರುವುದು ಹೆಚ್ಚಾಗಿ ಮೊದಲ ಎರಡರಲ್ಲಿ. ನಮ್ಮ ಧಾರವಾಡ, ಗದುಗಿನ ಭಾಗದ ಹಾಡುಗಳನ್ನೇ ಹಿಡಿದು ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಶಿಗ್ಗಾವಿ ತಾಲ್ಲೂಕಿನ ಶಿಶುನಾಳದ ಷರೀಫರು 1889ರಲ್ಲಿ ತೀರಿಕೊಂಡವರು. ಅವರ ತತ್ವಪದಗಳ ಸಾಹಿತ್ಯಕ್ಕೆ ಈಗ ಯಾರ ಅನುಮತಿಯೂ ಬೇಡ. ಆದರೆ ಕರ್ನಾಟಕದ ತುಂಬ ಜನರ ಬಾಯಲ್ಲಿರುವ ಧಾಟಿಗಳಲ್ಲಿ ಹಲವು ಸಿ. ಅಶ್ವತ್ಥ್ ಹಾಕಿದವು. ಅವರು ತೀರಿದ್ದು 2009ರ ಡಿಸೆಂಬರ್‌ನಲ್ಲಿ, ಹಾಗಾಗಿ ಆ ಧಾಟಿಗಳ ಹಕ್ಕು 2069ರ ಕೊನೆಯವರೆಗೆ ಇದೆ. ಪದ ಮುಕ್ತ, ಕ್ಯಾಸೆಟ್ಟಿನ ಧಾಟಿ ಮುಕ್ತವಲ್ಲ. ಹೀಗಿರುವಾಗ ಎರಡು ದಾರಿ: ನೀವೇ ಹೊಸ ಧಾಟಿ ಕಟ್ಟುವುದು, ಇಲ್ಲವೆ ಭಜನಾ ಮೇಳಗಳಲ್ಲಿ ಹಿಂದಿನಿಂದ ಬಂದ ಧಾಟಿ ಬಳಸುವುದು. ಎರಡನೆಯದರಲ್ಲಿ ಎಚ್ಚರ ಬೇಕು. ಈಗಿನ ಮೇಳಗಳು ಎಷ್ಟೋ ಪದಗಳನ್ನು ಕ್ಯಾಸೆಟ್ ಕೇಳಿಯೇ ಕಲಿತಿವೆ. “ನಮ್ಮೂರಾಗ ಮೊದಲಿನಿಂದ ಹಿಂಗ ಹಾಡ್ತೀವ್ರಿ” ಅಂದರೂ ಕ್ಯಾಸೆಟ್ ಹಾಕಿ ಎರಡನ್ನೂ ಪಕ್ಕಪಕ್ಕ ಕೇಳಿ ನೋಡಬೇಕು. ಅನುಮಾನ ಉಳಿದರೆ ಹೊಸ ಧಾಟಿಯೇ ಸರಿ.

ಧಾರವಾಡದಲ್ಲಿ ಹಾಡು ಬರೆಯಲು ಕೂತವರಿಗೆ ಮೊದಲು ನೆನಪಾಗುವವರು ಬೇಂದ್ರೆ. ಅವರು ತೀರಿದ್ದು 1981ರಲ್ಲಿ. ಅವರ ಕವಿತೆಗಳ ಹಕ್ಕು 2041ರ ಡಿಸೆಂಬರ್ 31ರವರೆಗೆ ಇರುತ್ತದೆ. ಅಲ್ಲಿಯ ತನಕ ಅವರ ಸಾಲುಗಳಿಗೆ ಧಾಟಿ ಹಾಕಿ ಮುಕ್ತವಾಗಿ ಹಂಚುವಂತಿಲ್ಲ, ಧಾಟಿ ಪೂರ್ತಿ ನಿಮ್ಮದೇ ಆಗಿದ್ದರೂ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಗುರುಶಿಷ್ಯರ ಲೆಕ್ಕವೇ ಬೇರೆಬೇರೆ. ಪಂಚಾಕ್ಷರಿ ಗವಾಯಿಗಳು 1944ರಲ್ಲಿ ತೀರಿಕೊಂಡರು, ಅವರ ಕಾಲದಲ್ಲೇ ಹಾಡಿ ಬೆಳಕಿಗೆ ಬಂದ ರಚನೆಗಳು 2005ರಿಂದ ಮುಕ್ತ. ಪುಟ್ಟರಾಜ ಗವಾಯಿಗಳು 2010ರಲ್ಲಿ ತೀರಿಕೊಂಡರು, ಅವರ ರಚನೆಗಳಿಗೆ 2070ರ ಕೊನೆಯವರೆಗೆ ಹಕ್ಕಿದೆ. ಇನ್ನೊಂದು ಮಾತು: ಬರೆದವರು ಇರುವಾಗ ಪ್ರಕಟವೂ ಆಗದೆ, ಸಭೆಯಲ್ಲಿ ಹಾಡಲೂ ಪಡದೆ, ತೀರಿದ ಮೇಲೆ ಮೊದಲ ಸಲ ಹೊರಬಂದ ಕೃತಿಗೆ ಲೆಕ್ಕ ಶುರುವಾಗುವುದು ಪ್ರಕಟಣೆಯ ಮರುವರ್ಷದಿಂದ.

ರಾಗಕ್ಕೆ, ತಾಳಕ್ಕೆ ಒಡೆಯರಿಲ್ಲ. ಭೂಪ, ಭೀಮಪಲಾಸಿ, ತೀನತಾಲ ಯಾರು ಬೇಕಾದರೂ ಬಳಸಬಹುದು. ಇತ್ತೀಚಿನವರು ಕಟ್ಟಿದ ಬಂದಿಶ್ (ರಾಗ, ತಾಳಕ್ಕೆ ಕೂರಿಸಿದ ರಚನೆ) ಮಾತ್ರ ಅವರ ಕೃತಿ. ಗುರುಗಳಿಂದ ಕಲಿತ ಬಂದಿಶ್ ಯಾರದು ಎಂದು ಗುರುಗಳನ್ನೇ ಕೇಳಿ ಬರೆದಿಟ್ಟುಕೊಳ್ಳಿ.

ವಚನ, ಕನಕದಾಸರ ಕೀರ್ತನೆ, ಸರ್ವಜ್ಞನ ತ್ರಿಪದಿಗಳ ಮಾತು ಪೂರ್ತಿ ಮುಕ್ತ. ಪುಸ್ತಕದಿಂದ ತೆಗೆದುಕೊಳ್ಳುವಾಗ ಮೂಲ ಪದ್ಯ ಮಾತ್ರ ತೆಗೆದುಕೊಳ್ಳಿ; ಸಂಪಾದಕರ ಅರ್ಥ, ಟಿಪ್ಪಣಿ, ಸ್ವರಲಿಪಿ ಅವರದು. ಬೀಸುವ ಪದ, ಸೋಬಾನೆಗಳಿಗೂ ಇದೇ ಮಾತು. ಹಾಡು ಜನರದು, ಸಂಗ್ರಹದ ಮುನ್ನುಡಿ ಮತ್ತು ಆಯ್ಕೆ ಸಂಗ್ರಾಹಕರದು.

ಹಳೆಯ ಗ್ರಾಮೊಫೋನ್ ತಟ್ಟೆಯಿಂದ ಒಂದು ತಾನ್ ಕತ್ತರಿಸಿ ಸ್ಯಾಂಪಲ್ (ಹಾಡಿನಲ್ಲಿ ಬಳಸುವ ಸದ್ದಿನ ತುಣುಕು) ಮಾಡುವ ಆಸೆ ಈ ಊರುಗಳಲ್ಲಿ ಸಹಜ. ಕುಂದಗೋಳದ ಸವಾಯಿ ಗಂಧರ್ವರು (1886–1952) ಇದ್ದಾಗ ಬಂದ ತಟ್ಟೆಗಳ ಹಕ್ಕು ಭಾರತದಲ್ಲಿ ಮುಗಿದಿದೆ. ಆದರೂ ನಮ್ಮ ಸಲಹೆ ಬೇಡ ಎಂದೇ. ಹಾಡು ಹಂಚುವ ದೊಡ್ಡ ತಾಣಗಳು ಅಮೆರಿಕದಲ್ಲಿವೆ, ಅಲ್ಲಿನ ಕಾನೂನು 1923ರಿಂದ 1946ರ ನಡುವಿನ ಮುದ್ರಿಕೆಗಳಿಗೆ 100 ವರ್ಷ ಕೊಡುತ್ತದೆ, 1947ರಿಂದ 1956ರವುಗಳಿಗೆ 110 ವರ್ಷ. ಅದೇ ಸ್ವರಗಳನ್ನು ನೀವೇ ಕೋಡ್‌ನಲ್ಲಿ ಬರೆದರೆ ಮುದ್ರಿಕೆಯ ಹಕ್ಕಿನ ಪ್ರಶ್ನೆಯೇ ಏಳುವುದಿಲ್ಲ, ಕಲಿಕೆಯೂ ಹೆಚ್ಚು.

ಕೋಡ್ ನಿಮ್ಮದೇ ಎಂದಾಗಲೂ ಒಂದು ಪ್ರಶ್ನೆ ಕೇಳಿಕೊಳ್ಳಿ. ನೌಕರಿಯ ಕೆಲಸದ ಭಾಗವಾಗಿ ಬರೆದದ್ದಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮೊದಲ ಒಡೆತನ ಸಂಸ್ಥೆಯದು. ಮಾಸ್ತರು ಶಾಲೆಯ ಪಾಠಕ್ಕೆಂದೇ ಬರೆದ ಹಾಡಾದರೆ ಮುಖ್ಯೋಪಾಧ್ಯಾಯರಿಂದ ಒಂದು ಸಾಲಿನ ಒಪ್ಪಿಗೆ ಬರೆಸಿಕೊಳ್ಳಬೇಕು. 18 ತುಂಬದ ವಿದ್ಯಾರ್ಥಿ ಬರೆದದ್ದಾದರೆ ಪಾಲಕರ ಸಹಿ ಇರಲಿ.

ಸ್ಯಾಂಪಲ್‌ಗಳು

ಸಾನಿಕ್ ಪೈ ಜೊತೆಗೇ ಬರುವ ಸ್ಯಾಂಪಲ್‌ಗಳು ಕ್ರಿಯೇಟಿವ್ ಕಾಮನ್ಸ್ ಜೀರೋ (ಸಿಸಿ ಜೀರೋ) ಎಂಬ ಪರವಾನಗಿಯ ಅಡಿಯಲ್ಲಿವೆ, ಅಂದರೆ ಹಕ್ಕು ಬಿಟ್ಟುಕೊಟ್ಟವು. ಹೊಸ ಆವೃತ್ತಿಗಳಲ್ಲಿ ತಬಲಾದ ಒಂದು ಗುಂಪೇ ಇದೆ: ತಬಲಾ_ನಾ, ತಬಲಾ_ಘೆ1ರಿಂದ ಮುಂದಕ್ಕೆ, ತಬಲಾ_ಕೆ1, ತಬಲಾ_ತೆ1, ತಬಲಾ_ತುನ್1 ಹೀಗೆ. ಸಾಧ್ಯವಾದಷ್ಟು ಇವುಗಳಲ್ಲೇ ಮುಗಿಸಿ. ಪಡೆಯುವವರ ಯಂತ್ರದಲ್ಲೂ ಇವು ಇರುತ್ತವೆ, ಹಾಗಾಗಿ ಕೋಡ್ ಒಂದೇ ಕಳಿಸಿದರೂ ಸಾಕಾಗುತ್ತದೆ.

ಹೊರಗಿನಿಂದ ತರುವುದಾದರೆ ಫ್ರೀಸೌಂಡ್ ತಾಣದಲ್ಲಿ ಪರವಾನಗಿಯ ಫಿಲ್ಟರ್ ಹಾಕಿ ಸಿಸಿ ಜೀರೋ ಇರುವುದನ್ನೇ ಆರಿಸಿ. ಅಲ್ಲಿ ಹೆಸರು ಹೇಳಬೇಕಾದ ಸದ್ದುಗಳಿವೆ, ವ್ಯಾಪಾರಕ್ಕೆ ಬಳಸಬಾರದ ಸದ್ದುಗಳೂ ಇವೆ. ಎರಡನೆಯ ಬಗೆಯದು ಒಂದೇ ಒಂದು ಸೇರಿದರೂ ನಿಮ್ಮ ಹಾಡನ್ನು ಪೂರ್ತಿ ಮುಕ್ತ ಎನ್ನಲು ಬರುವುದಿಲ್ಲ. ಇಳಿಸಿಕೊಂಡ ಪ್ರತಿ ಸದ್ದಿನ ಹೆಸರು, ಹಾಕಿದವರ ಹೆಸರು, ವಿಳಾಸ, ದಿನಾಂಕವನ್ನು ಆಗಲೇ ಒಂದು ಕಡೆ ಬರೆದಿಡಿ. ಆಮೇಲೆ ಹುಡುಕುವುದು ಆಗದ ಮಾತು.

ನೀವೇ ರೆಕಾರ್ಡ್ ಮಾಡಿದ ಸದ್ದಿನಲ್ಲಿ ಮುದ್ರಿಕೆ ನಿಮ್ಮದು, ಆದರೆ ನುಡಿಸಿದವರಿಗೆ ಕಲಾವಿದರ ಹಕ್ಕು ಎಂಬುದೊಂದು 50 ವರ್ಷ ಇರುತ್ತದೆ. ಜಾತ್ರೆಯಲ್ಲಿ ಮೊಬೈಲ್‌ನಲ್ಲಿ ಹಿಡಿದ ಡೊಳ್ಳಾಗಲಿ, ಗೆಳೆಯ ನುಡಿಸಿದ ಪೇಟಿಯಾಗಲಿ (ಹಾರ್ಮೋನಿಯಂ), ಅವರ ಒಪ್ಪಿಗೆ ಬೇಕು. ಕನ್ನಡದಲ್ಲಿ ಎರಡು ಸಾಲು ಸಾಕು: ಇಂಥ ದಿನ ನುಡಿಸಿದ ಸದ್ದನ್ನು ಯಾರು ಬೇಕಾದರೂ ಯಾವ ಉದ್ದೇಶಕ್ಕೂ ಬಳಸಲು ಒಪ್ಪಿದ್ದೇನೆ, ಸಹಿ. ವ್ಯಾಪಾರಕ್ಕೂ ಬಳಸಬಹುದು ಎಂಬುದನ್ನು ಬಾಯಿಬಿಟ್ಟು ಹೇಳಿ. ಕಲಾವಿದರಿಗೆ ಅದು ಗೊತ್ತಿಲ್ಲದೆ ಸಹಿ ಮಾಡಿಸಿಕೊಳ್ಳುವುದು ಸರಿಯಲ್ಲ.

ಬೇರೆಯವರ ಯಂತ್ರದಲ್ಲೂ ನುಡಿಯುವ ಕೋಡ್

ಉದಾಹರಣೆಗೆ ಸರ್ವಜ್ಞನ ಒಂದು ತ್ರಿಪದಿಗೆ ಭೂಪದಲ್ಲಿ ಸ್ವಂತ ಧಾಟಿ, ಕೆಹರವಾ ಠೇಕಾ ಎಂದಿಟ್ಟುಕೊಳ್ಳಿ. ಮೊದಲು ಸಾ ಎಲ್ಲಿ ಎಂಬುದನ್ನು ಒಂದೇ ಕಡೆ ಬರೆಯಬೇಕು. ಸಾನಿಕ್ ಪೈ ಸ್ವರಗಳನ್ನು ಮಿಡಿ ಸಂಖ್ಯೆಯಲ್ಲಿ ಎಣಿಸುತ್ತದೆ, ಒಂದೊಂದು ಅಂಕಿ ಒಂದೊಂದು ಅರ್ಧಸ್ವರ. ಪೇಟಿಯವರು ಪಾಂಢರಿ (ಬಿಳಿ ಕೀಲಿ) ಒಂದು ಎನ್ನುವುದು 60, ಕಾಳಿ (ಕಪ್ಪು ಕೀಲಿ) ಒಂದು 61, ಕಾಳಿ ಎರಡು 63. ಸಾ = 61 ಎಂದು ಮೇಲೆ ಬರೆದು ಕೆಳಗೆ ಎಲ್ಲೆಲ್ಲೂ ಸಾ + ಇಷ್ಟು ಎಂದೇ ಬರೆದರೆ ಕಾಳಿ ಎರಡರಲ್ಲಿ ಹಾಡುವವರು ಒಂದೇ ಅಂಕಿ ತಿದ್ದಿ ಬಳಸಬಹುದು. 61, 63, 65 ಎಂದು ನೇರ ಅಂಕಿ ಬರೆದ ಕೋಡ್ ಹಂಚಿದರೆ ಅದನ್ನು ತಿದ್ದುವ ತಾಳ್ಮೆ ಯಾರಿಗೂ ಇರುವುದಿಲ್ಲ.

ಪೂರ್ಣಾಂಕ ಬಳಸಿದರೆ ಸಿಗುವುದು ಪೇಟಿಯ ಸಮ ಶ್ರುತಿ, ಅಂದರೆ ಎಲ್ಲ ಅರ್ಧಸ್ವರಗಳ ಅಂತರವೂ ಒಂದೇ. ತಂಬೂರಿಗೆ ಕೂಡುವ ಸ್ವರ ಬೇಕೆಂದರೆ ದಶಮಾಂಶ ಹಾಕಬೇಕು, ಸಾನಿಕ್ ಪೈ ಅದನ್ನು ಒಪ್ಪುತ್ತದೆ. ಸಾದಿಂದ ಲೆಕ್ಕ ಹೀಗೆ: ಶುದ್ಧ ರಿ 2.04, ಗ 3.86, ಮ 4.98, ಪ 7.02, ಧ 8.84, ನಿ 10.88. ಕೋಮಲ ರಿ 1.12, ಕೋಮಲ ಗ 3.16, ಕೋಮಲ ಧ 8.14, ತೀವ್ರ ಮ 5.90. ಭೂಪದ ಧೈವತ ಇನ್ನೂ ಏರಿರಬೇಕು ಎನಿಸಿದರೆ 9.06 ಹಾಕಿ ಕೇಳಿ. ಗಾಂಧಾರ 4ಕ್ಕೂ 3.86ಕ್ಕೂ ಇರುವ ಅಂತರ ಕಾಗದದ ಮೇಲೆ ಚಿಕ್ಕದು, ತಂಬೂರಿಯ ಜೊತೆ ಕೇಳಿದಾಗ ಕಿವಿಗೆ ಚೆನ್ನಾಗಿಯೇ ಗೊತ್ತಾಗುತ್ತದೆ.

ಮೀಂಡ್ ಬರೆಯುವಲ್ಲಿ ಬಹಳ ಜನ ಎಡವುತ್ತಾರೆ. ಎರಡು ಪ್ಲೇ ಬರೆದರೆ ಎರಡು ಬಿಡಿ ಸ್ವರ ಬರುತ್ತವೆ. ಒಂದೇ ಸ್ವರ ಹಿಡಿದು ಅದನ್ನೇ ಜಾರಿಸಬೇಕು:

ಸ್ವರ = ಪ್ಲೇ ಸಾ, ಸಸ್ಟೇನ್: 2, ನೋಟ್_ಸ್ಲೈಡ್: 0.4
ಸ್ಲೀಪ್ 0.5
ಕಂಟ್ರೋಲ್ ಸ್ವರ, ನೋಟ್: ಸಾ + 3.86
ಸ್ಲೀಪ್ 1.5

ಸಸ್ಟೇನ್ ಎಂದರೆ ಸ್ವರ ಪೂರ್ತಿ ಸದ್ದಿನಲ್ಲಿ ನಿಲ್ಲುವ ಹೊತ್ತು, ಬರೆಯದಿದ್ದರೆ ಅದರ ಬೆಲೆ ಸೊನ್ನೆ. ಸ್ವರ ಹುಟ್ಟಿದ ಕೂಡಲೇ ಇಳಿಯಲು ಶುರುವಾಗಿ, ಜಾರುವ ಹೊತ್ತಿಗೆ ಅರ್ಧ ಆರಿರುತ್ತದೆ, ಮೀಂಡ್ ಕೇಳಿಸುವುದೇ ಇಲ್ಲ. ಕೋಡ್‌ನಲ್ಲಿ ತಪ್ಪಿಲ್ಲದೆ ಸದ್ದಿಲ್ಲ ಎಂದಾಗ ಮೊದಲು ಇದನ್ನೇ ನೋಡಿ.

ಈಗ ಠೇಕಾ. ಕೆಹರವಾದ ಎಂಟು ಮಾತ್ರೆ: ಧಾ ಗೆ ನಾ ತಿ, ನ ಕ ಧಿ ನ. ಧಾ ಎಂಬುದು ನಾ ಮತ್ತು ಘೆ ಎರಡೂ ಒಂದೇ ಕ್ಷಣಕ್ಕೆ ಬಿದ್ದದ್ದು, ಆದ್ದರಿಂದ ನಡುವೆ ಸ್ಲೀಪ್ ಇಲ್ಲದೆ ಎರಡು ಸಾಲು:

ಯೂಸ್_ಬಿಪಿಎಂ 96
ಇನ್_ಥ್ರೆಡ್ ಡೂ
  16.ಟೈಮ್ಸ್ ಡೂ
    ಸ್ಯಾಂಪಲ್ :ತಬಲಾ_ನಾ, ಆಂಪ್: 0.6
    ಸ್ಯಾಂಪಲ್ :ತಬಲಾ_ಘೆ1, ಆಂಪ್: 0.6
    ಸ್ಲೀಪ್ 0.5
    (ಉಳಿದ ಏಳು ಮಾತ್ರೆ ಹೀಗೆಯೇ)
  ಎಂಡ್
ಎಂಡ್

ಯೂಸ್_ಬಿಪಿಎಂ (ನಿಮಿಷಕ್ಕೆ ಎಷ್ಟು ಬೀಟ್ ಎಂಬ ವೇಗ) ಬರೆಯದಿದ್ದರೆ ತಾನಾಗಿ 60 ಆಗುತ್ತದೆ. ಮೇಲಿನ ಲೆಕ್ಕದಲ್ಲಿ ಒಂದು ಆವರ್ತನಕ್ಕೆ 4 ಬೀಟ್, 16 ಆವರ್ತನಕ್ಕೆ 64 ಬೀಟ್, ಅಂದರೆ 40 ಸೆಕೆಂಡ್. ಇನ್_ಥ್ರೆಡ್ ಇಲ್ಲದಿದ್ದರೆ ಠೇಕಾ ಪೂರ್ತಿ ಮುಗಿದ ಮೇಲೆ ಹಾಡು ಶುರುವಾಗುತ್ತದೆ. ಅಭ್ಯಾಸಕ್ಕೆ ಲೈವ್_ಲೂಪ್ ಒಳ್ಳೆಯದು, ಹಂಚುವ ಹಾಡಿಗೆ ಬೇಡ. ಅದು ಯಾರಾದರೂ ಸ್ಟಾಪ್ ಒತ್ತುವ ತನಕ ನಿಲ್ಲುವುದಿಲ್ಲ, ರೆಕಾರ್ಡಿಂಗ್‌ಗೆ ಕೊನೆಯೇ ಇರುವುದಿಲ್ಲ. ಲೈವ್_ಲೂಪ್ ಒಳಗೆ ಸ್ಲೀಪ್ ಮರೆತರೆ ಲೂಪ್ ಮಲಗಲಿಲ್ಲ ಎಂಬ ದೋಷ ತೋರಿಸಿ ನಿಂತುಹೋಗುತ್ತದೆ.

ತಬಲಾ ಸ್ಯಾಂಪಲ್ ನಿಮ್ಮ ಸಾಗೆ ಶ್ರುತಿಯಾಗಿರುವುದಿಲ್ಲ. ಆರ್‌ಪಿಚ್: 1 ಎಂದರೆ ಅರ್ಧ ಸ್ವರ ಏರುತ್ತದೆ, ಜೊತೆಗೆ ಸದ್ದಿನ ಉದ್ದವೂ ಸ್ವಲ್ಪ ಕಡಿಮೆಯಾಗುತ್ತದೆ. ಒಂದೆರಡು ಅರ್ಧಸ್ವರದವರೆಗೆ ತೊಂದರೆಯಿಲ್ಲ, ಐದಾರು ಏರಿಸಿದರೆ ತಬಲಾದ ಗುಣವೇ ಹೋಗುತ್ತದೆ. ಆಂಪ್ (ಸದ್ದಿನ ಜೋರು) ಎಲ್ಲದಕ್ಕೂ 1 ಕೊಟ್ಟರೆ ಕೊನೆಯಲ್ಲಿರುವ ಲಿಮಿಟರ್ ಎಲ್ಲವನ್ನೂ ಒತ್ತಿ ಧಾ ಬಿದ್ದಾಗಲೆಲ್ಲ ಹಾಡು ಕುಗ್ಗಿದಂತೆ ಕೇಳುತ್ತದೆ. 0.5ರಿಂದ 0.7ರ ಒಳಗೆ ಇಡಿ.

ಚೂಸ್, ಆರ್‌ರ‍್ಯಾಂಡ್‌ನಂಥ ಯಾದೃಚ್ಛಿಕ ಆದೇಶಗಳಿಗೆ ಹೆದರಬೇಕಿಲ್ಲ. ಸಾನಿಕ್ ಪೈನಲ್ಲಿ ಅದೇ ಕೋಡ್ ಪ್ರತಿ ಸಲವೂ ಅದೇ ಸ್ವರಗಳನ್ನೇ ಆರಿಸುತ್ತದೆ. ಬೇರೆ ಸರಣಿ ಬೇಕಿದ್ದರೆ ಯೂಸ್_ರ‍್ಯಾಂಡಮ್_ಸೀಡ್ ಎಂದು ಒಂದು ಅಂಕಿ ಕೊಡಿ. ಆದರೆ ನುಡಿಯುತ್ತಿರುವಾಗಲೇ ಕೋಡ್ ತಿದ್ದುತ್ತ ಕಟ್ಟಿದ ಹಾಡಾದರೆ ಫೈಲ್‌ನಲ್ಲಿ ಉಳಿಯುವುದು ಕೊನೆಯ ಸ್ಥಿತಿ ಮಾತ್ರ. ಎಷ್ಟನೆಯ ಆವರ್ತನದಲ್ಲಿ ಏನು ತಿದ್ದಿದಿರಿ ಎಂಬುದನ್ನು ಟಿಪ್ಪಣಿಯಾಗಿ ಬರೆಯಿರಿ, ಇಲ್ಲವೆ ಅದನ್ನೆಲ್ಲ ಕ್ರಮವಾಗಿ ಕೋಡ್‌ಗೆ ಇಳಿಸಿ.

ಹಂಚಿದ ಹಾಡು ಬೇರೆ ಕಡೆ ಮೂಕವಾಗಲು ದೊಡ್ಡ ಕಾರಣ ಫೈಲ್‌ನ ದಾರಿ. ನಿಮ್ಮ ಡೆಸ್ಕ್‌ಟಾಪ್‌ನ ಪೂರ್ತಿ ವಿಳಾಸ ಕೋಡ್‌ನಲ್ಲಿದ್ದರೆ ಬೇರೆಯವರ ಯಂತ್ರದಲ್ಲಿ ಆ ಫೋಲ್ಡರ್ ಇರುವುದಿಲ್ಲ. ಸ್ವಂತ ಸ್ಯಾಂಪಲ್‌ಗಳನ್ನೆಲ್ಲ ಒಂದೇ ಫೋಲ್ಡರ್‌ಗೆ ಹಾಕಿ, ಕೋಡ್‌ನ ಮೇಲ್ತುದಿಯಲ್ಲಿ ಫೋಲ್ಡರ್ = ಎಂದು ಒಂದೇ ಸಾಲು ಬರೆದು, ಪಕ್ಕದಲ್ಲಿ “ಇದನ್ನು ಮಾತ್ರ ಬದಲಿಸಿ” ಎಂದು ತಿಳಿಸಿ. ವಿಂಡೋಸ್‌ನಿಂದ ವಿಳಾಸ ನಕಲಿಸಿದಾಗ ಬರುವ ಹಿಂಗೆರೆಯನ್ನು ಮುಂಗೆರೆ ಮಾಡಿ. ಫೈಲ್, ಫೋಲ್ಡರ್ ಹೆಸರು ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ ಇರಲಿ.

ಕನ್ನಡ ಟಿಪ್ಪಣಿ ಬರೆಯಲು ಸಾಲಿನ ಮೊದಲಿಗೆ # ಹಾಕಿದರಾಯಿತು. ಸಾಹಿತ್ಯವನ್ನೂ ಹೀಗೆ ಕೋಡ್‌ನೊಳಗೇ, ಆಯಾ ಸ್ವರಗಳ ಮೇಲೆ ಬರೆಯುವುದು ಬಹಳ ಉಪಯುಕ್ತ. ಡಿಟಿಪಿ ಅಂಗಡಿಯಿಂದ ತಂದ ಸಾಹಿತ್ಯ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿದ್ದರೆ ಅಂಟಿಸಿದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಫೈಲ್ ಅನ್ನು ಯುಟಿಎಫ್-8ರಲ್ಲಿ ಉಳಿಸಿ. ಕೋಡನ್ನು ವರ್ಡ್‌ನಲ್ಲಿ ಬರೆಯಬೇಡಿ. ಅದು ನೇರ ಉದ್ಧರಣ ಚಿಹ್ನೆಯನ್ನು ಬಾಗಿಸುತ್ತದೆ, ಬಾಗಿದ ಚಿಹ್ನೆ ಕಂಡರೆ ರೂಬಿ ನಿಲ್ಲುತ್ತದೆ.

ಪರವಾನಗಿ ಆರಿಸಿ ಬರೆಯುವುದು

ಹಕ್ಕಿನ ಮಾತೇ ಬೇಡ ಎಂದಾದರೆ ಸಿಸಿ ಜೀರೋ 1.0. ಇದು ನಿಮ್ಮ ಹಕ್ಕನ್ನು ಬಿಟ್ಟುಕೊಡುತ್ತದೆ, ಕಾನೂನು ಬಿಡಲು ಒಪ್ಪದ ಭಾಗವಿದ್ದರೆ ಅದಕ್ಕೆ ಷರತ್ತಿಲ್ಲದ ಅನುಮತಿ ಕೊಡುತ್ತದೆ. ನಮ್ಮ ಕಾಯ್ದೆಯ ಕಲಂ 21 ಕೂಡ, 2012ರ ತಿದ್ದುಪಡಿಯ ನಂತರ, ಸಾರ್ವಜನಿಕ ಪ್ರಕಟಣೆಯ ಮೂಲಕ ಹಕ್ಕು ಬಿಡಲು ಅವಕಾಶ ಕೊಡುತ್ತದೆ. ಕೋಡ್, ಧಾಟಿ, ಮುದ್ರಿಕೆ ಮೂರಕ್ಕೂ ಒಂದೇ ಸಿಸಿ ಜೀರೋ ಸಾಕು ಎಂಬುದು ದೊಡ್ಡ ಅನುಕೂಲ. ಹೆಸರು ಉಳಿಯಬೇಕು ಎನ್ನುವವರಿಗೆ ಸಿಸಿ ಬೈ 4.0 ಇದೆ, ಬದಲಿಸಿದವರೂ ಹಾಗೆಯೇ ಹಂಚಬೇಕು ಎನ್ನುವವರಿಗೆ ಸಿಸಿ ಬೈ ಎಸ್‌ಎ 4.0. ಆದರೆ ಇವನ್ನು ಪ್ರೋಗ್ರಾಂ ಕೋಡ್‌ಗೆ ಬಳಸಬೇಡಿ ಎಂದು ಕ್ರಿಯೇಟಿವ್ ಕಾಮನ್ಸ್ ಸಂಸ್ಥೆಯೇ ಹೇಳುತ್ತದೆ, ಹಾಗಾಗಿ ಆಗ ಕೋಡ್‌ಗೆ ಎಂಐಟಿ ಎಂಬ ತಂತ್ರಾಂಶದ ಪರವಾನಗಿ, ಧಾಟಿ ಮತ್ತು ಮುದ್ರಿಕೆಗೆ ಸಿಸಿ ಬೈ ಎಂದು ಎರಡು ಬರೆಯಬೇಕಾಗುತ್ತದೆ.

ವ್ಯಾಪಾರ ಬೇಡ ಎನ್ನುವ ಎನ್‌ಸಿ ಷರತ್ತು ಒಳ್ಳೆಯದೆನಿಸಿ ಹಲವರು ಹಾಕುತ್ತಾರೆ. ಅದರಿಂದ ತೊಂದರೆಗೆ ಸಿಗುವವರು ದೊಡ್ಡ ಕಂಪನಿಗಳಲ್ಲ. ಮದುವೆಯಲ್ಲಿ ದುಡ್ಡಿಗೆ ಹಾಡುವ ಮೇಳದವರು, ಖಾನಾವಳಿಯ ರೀಲ್‌ಗೆ ಹಾಡು ಹುಡುಕುವವರು. ಬದಲಿಸಬಾರದು ಎನ್ನುವ ಎನ್‌ಡಿ ಹಾಕಿದರೆ ಕೋಡ್ ಹಂಚಿದ್ದೇ ವ್ಯರ್ಥ.

ಒಮ್ಮೆ ಸಿಸಿ ಜೀರೋ ಎಂದು ಪ್ರಕಟಿಸಿದರೆ ವಾಪಸ್ ಪಡೆಯಲು ಬರುವುದಿಲ್ಲ. ಇಬ್ಬರು ಕೂಡಿ ಬರೆದ ಹಾಡಾದರೆ ಇಬ್ಬರೂ ಒಪ್ಪಿದ ಮೇಲೆಯೇ ಹಾಕಿ.

ಪರವಾನಗಿ ಬೇರೆ ಫೈಲ್‌ನಲ್ಲಿದ್ದರೆ ಸಾಲದು, ಕೋಡ್ ಒಂದೇ ಕೈಬದಲಾಗುವುದು ಹೆಚ್ಚು. ಪ್ರತಿ ಕೋಡ್‌ನ ನೆತ್ತಿಯ ಮೇಲೆ ಹೀಗೆ ಬರೆಯಿರಿ:

# ಹೆಸರು: ತ್ರಿಪದಿ, ಭೂಪ, ಕೆಹರವಾ
# ಸಾಹಿತ್ಯ: ಸರ್ವಜ್ಞ, ಹಕ್ಕಿನಿಂದ ಮುಕ್ತ
# ಧಾಟಿ, ಕೋಡ್, ಮುದ್ರಿಕೆ: (ನಿಮ್ಮ ಹೆಸರು), ಧಾರವಾಡ, (ವರ್ಷ)
# ಸ್ಯಾಂಪಲ್: ಸಾನಿಕ್ ಪೈ ಜೊತೆ ಬರುವವು ಮಾತ್ರ
# ನುಡಿಸಿ ನೋಡಿದ ಆವೃತ್ತಿ: (ಸಾನಿಕ್ ಪೈ ಆವೃತ್ತಿ)
# ಪರವಾನಗಿ: ಸಿಸಿ ಜೀರೋ 1.0. ಯಾರು ಬೇಕಾದರೂ, ಯಾವ ಉದ್ದೇಶಕ್ಕೂ, ಕೇಳದೆ ಬಳಸಬಹುದು.

ಪರವಾನಗಿಯ ಸಾಲನ್ನು ಇಂಗ್ಲಿಷ್‌ನಲ್ಲೂ ಬರೆದು ಕ್ರಿಯೇಟಿವ್ ಕಾಮನ್ಸ್ ಪುಟದ ವಿಳಾಸ ಸೇರಿಸಿ. ಆವೃತ್ತಿಯ ಸಾಲನ್ನು ಬಿಡಬೇಡಿ. ಶಾಲಾ ಲ್ಯಾಬ್‌ಗಳಲ್ಲಿ ಹಳೆಯ ಸಾನಿಕ್ ಪೈ ಇರುತ್ತದೆ, ಅದರಲ್ಲಿ ತಬಲಾ ಗುಂಪು ಇಲ್ಲದೆ ಠೇಕಾ ಕೇಳಿಸುವುದಿಲ್ಲ. ಕಾರಣ ಗೊತ್ತಿಲ್ಲದಿದ್ದರೆ ಕೋಡೇ ತಪ್ಪು ಎಂದುಕೊಳ್ಳುತ್ತಾರೆ. ಕಾನೂನು ಕೇಳದಿದ್ದರೂ ಪದ ಯಾರದು, ಧಾಟಿ ಯಾವ ಊರಿನ ಮೇಳದ್ದು ಎಂದು ಬರೆಯುವುದು ಬರೆದವರಿಗೆ, ಕಲಿಸಿದವರಿಗೆ ಸಲ್ಲಬೇಕಾದ ಗೌರವ.

ರೆಕಾರ್ಡಿಂಗ್

ಕೋಡ್ ಜೊತೆಗೆ ಒಂದು ಮುದ್ರಿಕೆಯೂ ಇರಲಿ. ಕೇಳಿ ಹಿಡಿಸಿದ ಮೇಲೆಯೇ ಜನ ಕೋಡ್ ತೆರೆಯುತ್ತಾರೆ. ಮೊದಲು ರೆಕಾರ್ಡ್ ಒತ್ತಿ, ಆಮೇಲೆ ರನ್. ಹಾಡು ಮುಗಿದು ರಿವರ್ಬ್‌ನ (ಪ್ರತಿಧ್ವನಿಯ) ಬಾಲ ಆರುವ ತನಕ ನಾಲ್ಕೈದು ಸೆಕೆಂಡ್ ಕಾದು ಮತ್ತೆ ರೆಕಾರ್ಡ್ ಒತ್ತಿದರೆ ವೇವ್ ಫೈಲ್ ಉಳಿಸಲು ಕೇಳುತ್ತದೆ. 44.1 ಕಿಲೋಹರ್ಟ್ಸ್, 16 ಬಿಟ್ ಸ್ಟೀರಿಯೊ ವೇವ್ ನಿಮಿಷಕ್ಕೆ ಸುಮಾರು 10.6 ಎಂಬಿ, ಮೂರು ನಿಮಿಷಕ್ಕೆ 32. ಅದೇ 192 ಕೆಬಿಪಿಎಸ್ ಎಂಪಿ3 ಆದರೆ 4.3 ಎಂಬಿ. ಆಡಾಸಿಟಿಯಲ್ಲಿ ಹಿಂದುಮುಂದಿನ ಮೌನ ಕತ್ತರಿಸಿ, ಗರಿಷ್ಠ ಮಟ್ಟ −1 ಡಿಬಿಗೆ ನಾರ್ಮಲೈಸ್ ಮಾಡಿ, ಎಕ್ಸ್‌ಪೋರ್ಟ್ ಮಾಡುವಾಗ ಟ್ಯಾಗ್‌ನ ಕಾಮೆಂಟ್ ಜಾಗದಲ್ಲಿ ಸಿಸಿ ಜೀರೋ ಎಂದು ಬರೆಯಿರಿ. ವೇವ್ ಅಥವಾ ಫ್ಲಾಕ್ ಒಂದನ್ನು ಮೂಲವಾಗಿ ಇಟ್ಟುಕೊಳ್ಳಿ.

ಸಾನಿಕ್ ಪೈ ಶುರುವಾಗುವಾಗಲೇ ಸದ್ದಿನ ಸರ್ವರ್ ಏಳಲಿಲ್ಲ ಎಂದರೆ ಬ್ಲೂಟೂತ್ ಇಯರ್‌ಫೋನ್ ತೆಗೆದು ನೋಡಿ. ಮೈಕ್ 16 ಅಥವಾ 44.1 ಕಿಲೋಹರ್ಟ್ಸ್, ಸ್ಪೀಕರ್ 48 ಎಂದು ಬೇರೆಬೇರೆ ಇದ್ದಾಗ ಹೀಗಾಗುತ್ತದೆ. ಎರಡನ್ನೂ ಒಂದೇ ದರಕ್ಕೆ ತಂದರೆ ಸರಿಹೋಗುತ್ತದೆ. ಹಾಡಿನ ನಡುವೆ ಥ್ರೆಡ್ ಹಿಂದೆ ಬಿತ್ತು ಎಂಬ ದೋಷ ಬಂದರೆ ಯಂತ್ರಕ್ಕೆ ಭಾರ ಹೆಚ್ಚಾಗಿದೆ ಎಂದರ್ಥ: ಲೂಪ್‌ನ ಒಳಗೆ ಬರೆದ ವಿತ್_ಎಫ್‌ಎಕ್ಸ್ ಅನ್ನು ಲೂಪ್‌ನ ಹೊರಗೆ ತನ್ನಿ. ಒಳಗಿದ್ದರೆ ಪ್ರತಿ ಸುತ್ತಿಗೂ ಹೊಸ ರಿವರ್ಬ್ ಹುಟ್ಟುತ್ತದೆ.

ಎಲ್ಲಿ ಇಡುವುದು

ಕೋಡ್‌ಗೆ ಗಿಟ್‌ಹಬ್ ಅನುಕೂಲ. ಹೊಸ ರೆಪಾಸಿಟರಿ (ಕೋಡ್ ಇಡುವ ಫೋಲ್ಡರ್) ಮಾಡುವಾಗ ಪಬ್ಲಿಕ್ ಎಂದು ಆರಿಸಿ, ಲೈಸೆನ್ಸ್ ಪಟ್ಟಿಯಲ್ಲಿ ಸಿಸಿ ಜೀರೋ 1.0 ಯೂನಿವರ್ಸಲ್ ಆರಿಸಿದರೆ ಪೂರ್ತಿ ಪಠ್ಯ ತಾನಾಗಿ ಸೇರುತ್ತದೆ. ರೀಡ್‌ಮಿಯಲ್ಲಿ (ಪರಿಚಯದ ಫೈಲ್) ಕನ್ನಡದಲ್ಲೇ ರಾಗ, ತಾಳ, ಸಾ, ಸ್ಯಾಂಪಲ್‌ಗಳ ಮೂಲ ಬರೆಯಿರಿ.

ಮುದ್ರಿಕೆ ಮತ್ತು ಕೋಡ್ ಎರಡನ್ನೂ ಜೊತೆಗೆ ಇಡಲು ಇಂಟರ್ನೆಟ್ ಆರ್ಕೈವ್ ಒಳ್ಳೆಯದು. ಅಪ್‌ಲೋಡ್ ಪುಟದಲ್ಲಿ ಪರವಾನಗಿಯಾಗಿ ಸಿಸಿ ಜೀರೋ ಆರಿಸಬಹುದು. ಪುಟದ ವಿಳಾಸವನ್ನು ಶೀರ್ಷಿಕೆಯಿಂದ ಅದೇ ಕಟ್ಟುತ್ತದೆ, ಅದರಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ, ಅಡಿಗೆರೆ, ಚುಕ್ಕೆಗಳಿಗೆ ಮಾತ್ರ ಜಾಗ. ಶೀರ್ಷಿಕೆ ಕನ್ನಡದಲ್ಲಿದ್ದರೆ ವಿಳಾಸ ಅರ್ಥವಾಗದಂತೆ ಆಗುತ್ತದೆ, ಒಮ್ಮೆ ಅಪ್‌ಲೋಡ್ ಆದ ಮೇಲೆ ಬದಲಿಸಲು ಬರುವುದಿಲ್ಲ. ಆದ್ದರಿಂದ ಅಪ್‌ಲೋಡ್ ಒತ್ತುವ ಮೊದಲೇ ವಿಳಾಸದ ಜಾಗದಲ್ಲಿ ನೀವೇ ಹೆಸರು ಟೈಪ್ ಮಾಡಿ. ವಿಕಿಪೀಡಿಯಾದ ಲೇಖನಗಳಲ್ಲಿ ಬಳಕೆಯಾಗಬಲ್ಲ ಸದ್ದಾದರೆ, ಉದಾಹರಣೆಗೆ ಒಂದು ರಾಗದ ಆರೋಹ ಅವರೋಹ, ವಿಕಿಮೀಡಿಯಾ ಕಾಮನ್ಸ್‌ಗೂ ಹಾಕಬಹುದು.

ನಮ್ಮಲ್ಲಿ ಹಂಚಿಕೆ ನಿಜವಾಗಿ ನಡೆಯುವುದು ವಾಟ್ಸಾಪ್‌ನಲ್ಲಿ. ಅಲ್ಲಿ ಕೋಡನ್ನು ಮೆಸೇಜ್ ಆಗಿ ಅಂಟಿಸಬೇಡಿ, ನಕ್ಷತ್ರ ಮತ್ತು ಅಡಿಗೆರೆಗಳನ್ನು ಅದು ದಪ್ಪ, ಓರೆ ಅಕ್ಷರದ ಗುರುತೆಂದು ತಿಳಿಯುತ್ತದೆ, ಕೆಲವು ಫೋನ್‌ಗಳು ಉದ್ಧರಣ ಚಿಹ್ನೆಯನ್ನೂ ಬಾಗಿಸುತ್ತವೆ. ಡಾಕ್ಯುಮೆಂಟ್ ಆಗಿ ಫೈಲ್ ಕಳಿಸಿ. ಸ್ಯಾಂಪಲ್ ಫೋಲ್ಡರ್ ಇದ್ದರೆ ಎಲ್ಲವನ್ನೂ ಒಂದು ಜಿಪ್ ಮಾಡಿ ಕಳಿಸಿ.

ಕಂಪ್ಯೂಟರ್ ಇಲ್ಲದವರಿಗೆ ಬ್ರೌಸರ್‌ನಲ್ಲೇ ನಡೆಯುವ ಸ್ಟ್ರೂಡೆಲ್ ಇದೆ. ಅದರ ಕೋಡ್ ವಿಳಾಸದ ಕೊಂಡಿಯೊಳಗೇ ಅಡಗಿ ಹೋಗುತ್ತದೆ, ಹಾಗಾಗಿ ಕೊಂಡಿ ಕಳಿಸಿದರೆ ಹಾಡು ಕಳಿಸಿದಂತೆ. ಭಾಷೆ ಬೇರೆ, ಸಾನಿಕ್ ಪೈ ಕೋಡ್ ಅಲ್ಲಿ ನಡೆಯದು. ಆ ಬಳಗದಲ್ಲಿ ಬಳಸುವ ಎಲ್ಲ ಸ್ಯಾಂಪಲ್‌ಗಳ ಹಕ್ಕು ಸ್ಪಷ್ಟವಿಲ್ಲ. ಮುಕ್ತ ಹಾಡಿಗೆ ಅಲ್ಲಿನ ಸಿಂಥ್ ಸದ್ದುಗಳನ್ನೇ ಬಳಸುವುದು ಕ್ಷೇಮ.

ಯೂಟ್ಯೂಬ್‌ನಲ್ಲಿ ಸಿಸಿ ಜೀರೋ ಆಯ್ಕೆ ಇಲ್ಲ. ಅಲ್ಲಿರುವುದು ಎರಡೇ: ಅವರದೇ ಪರವಾನಗಿ ಮತ್ತು ಸಿಸಿ ಬೈ. ಎರಡನೆಯದನ್ನು ಆರಿಸಿ, ವಿವರಣೆಯಲ್ಲಿ ಸಿಸಿ ಜೀರೋ ಸಾಲು ಮತ್ತು ಆರ್ಕೈವ್ ಪುಟದ ಕೊಂಡಿ ಬರೆಯಿರಿ. ಆರ್ಕೈವ್‌ಗೆ ಮೊದಲು, ಯೂಟ್ಯೂಬ್‌ಗೆ ಆಮೇಲೆ ಹಾಕುವ ಕ್ರಮ ಮುಖ್ಯ. ಮುಕ್ತವಾಗಿ ಬಿಟ್ಟ ಹಾಡನ್ನು ಬೇರೆ ಯಾರೋ ತಮ್ಮ ವಿಡಿಯೋಗೆ ಬಳಸಿ, ಆ ಸದ್ದನ್ನು ಕಂಟೆಂಟ್ ಐಡಿಯಲ್ಲಿ (ಹಕ್ಕಿರುವ ಸದ್ದನ್ನು ತಾನಾಗಿ ಪತ್ತೆಹಚ್ಚುವ ಯೂಟ್ಯೂಬ್ ವ್ಯವಸ್ಥೆ) ತಮ್ಮದೆಂದು ಸೇರಿಸಿಬಿಡುವುದುಂಟು. ಆಗ ನಿಮ್ಮ ವಿಡಿಯೋ ಮೇಲೆಯೇ ಕ್ಲೇಮ್ (ಹಕ್ಕಿನ ದಾವೆ) ಬರುತ್ತದೆ, ನಿಮ್ಮ ಹಾಡು ಬಳಸಿದ ಶಾಲೆಯ ವಿಡಿಯೋ ಮೇಲೂ ಬರುತ್ತದೆ. ಆ ವ್ಯವಸ್ಥೆಗೆ ಸೇರಿಸಲು ತಮಗೊಬ್ಬರಿಗೇ ಹಕ್ಕಿರಬೇಕು ಎಂಬುದು ಯೂಟ್ಯೂಬ್‌ನದೇ ನಿಯಮ, ಸಿಸಿ ಜೀರೋ ಹಾಡಿಗೆ ಅಂಥ ಹಕ್ಕು ಯಾರಿಗೂ ಇರಲು ಸಾಧ್ಯವಿಲ್ಲ. ಸ್ಟುಡಿಯೋ ಪುಟದಲ್ಲಿ ಡಿಸ್ಪ್ಯೂಟ್ ಒತ್ತಿ, ಪರವಾನಗಿ ಎಂಬ ಕಾರಣ ಆರಿಸಿ, ಆರ್ಕೈವ್ ಪುಟದ ದಿನಾಂಕ ಮತ್ತು ಗಿಟ್‌ಹಬ್‌ನ ಮೊದಲ ದಾಖಲೆಯ ಕೊಂಡಿ ಕೊಡಿ. ಕ್ಲೇಮ್ ಮಾಡಿದವರಿಗೆ ಉತ್ತರಿಸಲು 30 ದಿನ ಇರುತ್ತದೆ, ಉತ್ತರ ಬಾರದಿದ್ದರೆ ಕ್ಲೇಮ್ ಬಿದ್ದುಹೋಗುತ್ತದೆ. ನಿಮ್ಮ ಹಾಡು ಬಳಸಿದವರೂ ಇದೇ ಕೊಂಡಿಗಳನ್ನು ಕೊಡಬಹುದು, ಅದನ್ನು ರೀಡ್‌ಮಿಯಲ್ಲೇ ಬರೆದಿಡಿ.

ಆಮೇಲೆ ಒಂದು ಸ್ವರವೋ ಸಾಹಿತ್ಯವೋ ತಪ್ಪಿದೆ ಎಂದು ಗೊತ್ತಾದರೆ ಹಳೆಯ ಫೈಲ್ ಅಳಿಸಬೇಡಿ. ಆಗಲೇ ಯಾರೋ ಅದರ ಕೊಂಡಿಯನ್ನು ಮುಂದೆ ಕಳಿಸಿರುತ್ತಾರೆ, ಡಿಸ್ಪ್ಯೂಟ್‌ಗೆ ಬೇಕಾದ ಮೊದಲ ದಿನಾಂಕವೂ ಅದರಲ್ಲೇ ಇದೆ. ತಿದ್ದಿದ್ದನ್ನು 2 ಎಂದು ಬೇರೆ ಹೆಸರಲ್ಲಿ ಹಾಕಿ, ಏನು ತಿದ್ದಿದೆ ಎಂದು ನೆತ್ತಿಯ ಟಿಪ್ಪಣಿಯಲ್ಲಿ ಒಂದು ಸಾಲು ಸೇರಿಸಿ, ಹಳೆಯ ಪುಟದ ವಿವರಣೆಯಲ್ಲಿ ಹೊಸದರ ಕೊಂಡಿ ಕೊಡಿ.